ನೀಲಿ ಉರಿ

ಸೈಮಿಯ ಮನೆಯಲ್ಲಿ ಒಲೆಯ ಹಗ್ಗಕ್ಕೆ ಇನ್ನೊಬ್ಬರು ಕೈಹಾಕುವ ಹಾಗಿರಲಿಲ್ಲ. ಮನೆಯನ್ನೆಲ್ಲ ಬೆಚ್ಚಗಿಡುವ, ಗೋಡೆಯಷ್ಟು ದೊಡ್ಡ ಕಲ್ಲಿನ ಒಲೆ. ಕಟ್ಟಿಗೆಯೆಲ್ಲ ಉರಿದು ಕೆಂಡವಾದ ಮೇಲೆ ಹಗ್ಗ ಎಳೆದರೆ ಹೊಗೆಗೂಡಿನ ತಗಡು ಮುಚ್ಚಿಕೊಂಡು ಬಿಸಿ ಕಲ್ಲಿನಲ್ಲೇ ಉಳಿಯುತ್ತದೆ. ತಡವಾದರೆ ಬಿಸಿಯೆಲ್ಲ ಆಕಾಶದ ಪಾಲು. ಅವಸರಪಟ್ಟರೆ ಕೆಂಡದ ವಿಷಗಾಳಿ ಮನೆ ತುಂಬುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅದಕ್ಕೇ ಕೆಂಡದ ಮೇಲೆ ನೀಲಿ ಉರಿ ಆಡುತ್ತಿರುವ ತನಕ ಅಲ್ಲಿ ಯಾರೂ ತಗಡು ಮುಚ್ಚುವುದಿಲ್ಲ. ಅದು ಆರುವ ಗಳಿಗೆಯನ್ನು ಹಿಡಿಯುವುದರಲ್ಲಿ ಸೈಮಿಯದು ಎತ್ತಿದ ಕೈ.

"ಪಕ್ಕದ ಹೆಲ್ವಿ ಮನೇಲಿ ಬೆಳಗಾದ್ರೆ ಬಕೆಟ್ ನೀರು ಕಲ್ಲಾಗಿರತ್ತೆ. ನಮ್ಮನೇಲಿ ಬೆಕ್ಕು ಕೂಡ ಬೆವರತ್ತೆ" ಎಂದು ಅವಳು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು.

ಈ ಶರತ್ಕಾಲದಿಂದ ಅವಳಿಗೆ ಆ ನೀಲಿ ಕಾಣುವುದು ನಿಂತಿತ್ತು. ಕಣ್ಣಿಗೆ ಪೊರೆ ಬಂದಿತ್ತು. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಹಗ್ಗ ಸೊಸೆ ರೌನಿಯ ಕೈಗೆ ಹೋಗುತ್ತದೆ. ಅವಳೋ ಹೆಲ್ಸಿಂಕಿಯವಳು, ಒಲೆಯ ಮುಖ ಕಂಡದ್ದೇ ಮದುವೆಯಾದ ಮೇಲೆ. ಸೈಮಿ ಅಂದಾಜಿನ ಮೇಲೆ ನಡೆಸಿಕೊಂಡು ಬಂದಳು.

ಕಪ್ಪು ರೊಟ್ಟಿ ಸುಡುವ ದಿನವೂ ಹಾಗೇ ಮಾಡಿದಳು. ಕೆಂಡವನ್ನು ಬದಿಗೆ ಗೋರಿ, ರೊಟ್ಟಿಗಳನ್ನು ಒಳಗಿಟ್ಟು, ಹಗ್ಗ ಎಳೆದು ಹಾಲು ಕರೆಯಲು ಕೊಟ್ಟಿಗೆಗೆ ಹೋದಳು. ಮೊಮ್ಮಗಳು ಔತಿ ಒಲೆಯ ಪಕ್ಕದ ಬೆಂಚಿನ ಮೇಲೆ ಮಲಗಿದ್ದಳು.

ವಾಪಸು ಬಂದಾಗ ಅಂಗಳದ ಹಿಮದಲ್ಲಿ ಮಗ ಉರ್ಹೋ ಮಗುವನ್ನು ಎತ್ತಿಕೊಂಡು ನಿಂತಿದ್ದ. ಮಗು ವಾಂತಿ ಮಾಡಿಕೊಂಡಿತ್ತು, ಕತ್ತು ನಿಲ್ಲುತ್ತಿರಲಿಲ್ಲ. ರೌನಿ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತಿದ್ದಳು.

"ಯಾಕೆ ಮುಚ್ಚಿದೆ ಅದನ್ನ?" ಉರ್ಹೋ ಹೆಂಡತಿಯ ಮೇಲೆ ಕೂಗಾಡಿದ.

"ನಾನು ಮುಟ್ಟಿಲ್ಲ ಕಣ್ರೀ."

"ಮತ್ತೆ ತಾನೇ ಮುಚ್ಕೊಂಡ್ತಾ? ನಾನು ಹುಟ್ಟೋಕ್ಕಿಂತ ಮುಂಚಿಂದ ಅಮ್ಮ ಮುಚ್ತಾ ಇದ್ದಾಳೆ, ಒಂದು ದಿನ ಯಾರಿಗೂ ತಲೆನೋವು ಅಂತ ಬಂದಿಲ್ಲ. ನೀನು ಗುಂಡಿ ತಿರುಗಿಸಿದ್ರೆ ಬಿಸಿ ಬರೋ ಮನೇಲಿ ಬೆಳೆದವಳು!"

ರೌನಿ ಅತ್ತೆಯ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ಸೈಮಿ ಬಾಯಿ ತೆರೆದಳು.

"ದಾರಿ ಬಿಡೋ, ಹಾಲು ಚೆಲ್ಲತ್ತೆ" ಎಂದಳು.

ಮಗು ಸಂಜೆಯ ಹೊತ್ತಿಗೆ ಚೇತರಿಸಿಕೊಂಡಿತು, ರೊಟ್ಟಿ ಕೂಡ ಕೇಳಿತು. ರೊಟ್ಟಿ ಈ ಸಲ ಬಹಳ ಚೆನ್ನಾಗಿ ಬಂದಿದೆ ಎಂದು ಉರ್ಹೋ ತಾಯಿಯನ್ನು ಹೊಗಳಿದ. ಸೈಮಿ ತನ್ನ ತುಂಡನ್ನು ಮೊಮ್ಮಗಳ ತಟ್ಟೆಗೆ ಹಾಕಿದಳು. ಎದುರಿಗೆ ಊದಿಕೊಂಡ ಕಣ್ಣಿನ ಸೊಸೆ ಬೆಣ್ಣೆ ಸವರುತ್ತಿದ್ದಳು. ಆ ಹುಡುಗಿ ಒಂದು ಮಾತು ಬೈದಿದ್ದರೂ ಸೈಮಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಹಾಲಂತೆ, ಚೆಲ್ಲುತ್ತದಂತೆ! ಇಷ್ಟು ವರ್ಷ ಬಾಳಿ ಬಾಯಿಗೆ ಬಂದದ್ದು ಅದು.

ಮಾರನೆಯ ದಿನ ಮತ್ತೆ ಒಲೆ ಹಚ್ಚಬೇಕಾಯಿತು. ಚಳಿ ಯಾರ ಮಾತು ಕೇಳುತ್ತದೆ?

"ಅಮ್ಮ ಒಬ್ಬಳೇ ಮುಚ್ಚಬೇಕು. ರೌನಿ ಹತ್ತಿರಾನೂ ಸುಳೀಬಾರದು" ಎಂದು ಉರ್ಹೋ ಅಪ್ಪಣೆ ಕೊಡಿಸಿದ.

ಔತಿ ಬೆಂಚಿನ ಮೇಲೆ ಗೊಂಬೆಗೆ ಟೋಪಿ ಹಾಕುತ್ತಿದ್ದಳು. ಸೈಮಿ ಹಗ್ಗ ಹಿಡಿದು ಬಗ್ಗಿ ನೋಡಿದಳು. ಕೆಂಪು, ಬರೀ ಕೆಂಪು. ಇನ್ನಷ್ಟು ಬಗ್ಗಿದಳು, ಹುಬ್ಬು ಸುಡುವಷ್ಟು. ಆಗಲೂ ಕೆಂಪೇ.

"ರೌನಿ, ಬಾ ಇಲ್ಲಿ. ನೀಲಿ ಇದೆಯಾ ನೋಡು."

"ಯಾಕಮ್ಮ, ನಿಂಗೆ ಕಾಣಲ್ವಾ?" ಉರ್ಹೋ ನಕ್ಕ.

"ಇಲ್ಲ ಕಣೋ. ನಿನ್ನೆನೂ ಕಂಡಿರ್ಲಿಲ್ಲ. ಮುಚ್ಚಿದ್ದು ನಾನು."

ಉರ್ಹೋನ ನಗು ಹಾಗೇ ನಿಂತಿತು. ಅವನು ಹೆಂಡತಿಯ ಮುಖ ನೋಡಲಾರದೆ ತನ್ನ ಬೂಟುಗಳನ್ನು ನೋಡಿದ. ರೌನಿ ಮೊದಲು ಮಗುವನ್ನು ಎತ್ತಿಕೊಂಡು ಹೋಗಿ ಬಾಗಿಲ ಬಳಿ ಕೂರಿಸಿ, ಬಾಗಿಲನ್ನು ಸ್ವಲ್ಪ ತೆರೆದಿಟ್ಟಳು. ಆಮೇಲೆ ಬಂದು ಒಲೆಯೊಳಗೆ ಬಗ್ಗಿ ನೋಡಿದಳು.

"ಇನ್ನೂ ಇದೆ ಅತ್ತೆ. ಬೇಕಾದಷ್ಟಿದೆ."

ಸೈಮಿ ಹಗ್ಗವನ್ನು ಅವಳ ಕೈಗೆ ಕೊಟ್ಟು ಬೆಂಚಿನ ಮೇಲೆ ಕೂತಳು. ಬಿಸಿಯೆಲ್ಲ ಹೊಗೆಗೂಡು ಹತ್ತಿ ಹೋಗುತ್ತಿತ್ತು, ತೆರೆದ ಬಾಗಿಲಿಂದ ಚಳಿ ಒಳಗೆ ಬರುತ್ತಿತ್ತು. ಮುಚ್ಚು ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ.