ಚಿನ್ನಮ್ಮ ತೋರಿಸದ ಎಲೆ

ಮಳೆ ಹಿಡಿದರೆ ಹೆತ್ತೂರು ಕಡೆಯ ನಮ್ಮ ಕಾಫಿ ಎಸ್ಟೇಟಿನ ಕೂಲಿಮನೆಗಳ ಲೈನಿನಲ್ಲಿ ಕೆರೆತದ್ದೇ ಕಾಟ. ದಿನವಿಡೀ ಒದ್ದೆ ಬಟ್ಟೆ, ಕಾಲಿಗೆ ಗಮ್‌ಬೂಟು. ಸೊಂಟ, ತೊಡೆಸಂದಿ, ಎಲ್ಲೆಂದರಲ್ಲಿ ಹುಳುಕಡ್ಡಿ. ನಾಚಿಕೆಪಟ್ಟು ಯಾರೂ ಹೇಳುವುದಿಲ್ಲ, ಮರೆಯಲ್ಲಿ ಪರಪರ ಕೆರೆದುಕೊಳ್ಳುತ್ತಾರೆ, ಅಷ್ಟೇ.

ಇದಕ್ಕೆ ಸೊಪ್ಪಿನ ಮದ್ದು ಕೊಡುವವರು ನಮ್ಮಲ್ಲಿ ಇಬ್ಬರು. ಲೈನಿನ ಈ ತುದಿಯಲ್ಲಿ ಚಿನ್ನಮ್ಮ, ಆ ತುದಿಯಲ್ಲಿ ಮಾದಮ್ಮ. ಎಲೆಯ ಹೆಸರು ಬಾಯಿಬಿಟ್ಟರೆ ಮದ್ದಿನ ಗುಣ ಹೋಗುತ್ತದೆ ಎಂದು ಇಬ್ಬರೂ ನಂಬಿದವರು. ಅರೆದೇ ಕೊಡುತ್ತಾರೆ, ಎಲೆ ತೋರಿಸುವುದಿಲ್ಲ. ಮಾದಮ್ಮನ ಬಾಗಿಲಲ್ಲಿ ಒಂದು ಜೊತೆ ಚಪ್ಪಲಿ ಹೆಚ್ಚು ಕಂಡರೆ ಚಿನ್ನಮ್ಮನಿಗೆ ಅನ್ನ ಇಳಿಯದು. ಅಂಥ ಹೊಟ್ಟೆಕಿಚ್ಚು!

ಈ ಮಳೆಗಾಲ ಎಸ್ಟೇಟಿನ ಲೆಕ್ಕ ಬರೆಯುವ ನಮ್ಮ ರೈಟರ ಮಗಳು ಶೃತಿ ಹಾಸನದಿಂದ ಬಂದಳು. ಕಾಲೇಜಿನ ಪ್ರಯೋಗಾಲಯದಲ್ಲಿ ಸೊಪ್ಪುಗಳ ಸಾರ ಪರೀಕ್ಷೆ ಮಾಡುವುದು ಅವಳ ಓದು. ಮೊದಲು ಚಿನ್ನಮ್ಮನನ್ನೇ ಕೇಳಿದಳು.

"ಹುಳುಕಡ್ಡಿ ಅಂದ್ರೆ ಹುಳ ಅಲ್ಲ ಚಿನ್ನಮ್ಮಕ್ಕ, ಒಂಥರಾ ಬೂಷ್ಟು. ಅದನ್ನ ಗಾಜಿನ ತಟ್ಟೇಲಿ ಬೆಳೆಸ್ತೀವಿ. ನಿಮ್ಮ ಸೊಪ್ಪಿನ ಸಾರ ಹಾಕಿ, ಬೂಷ್ಟು ಬೆಳೆಯೋದು ನಿಲ್ತದಾ ಇಲ್ವಾ ನೋಡ್ತೀವಿ."

"ಹಿತ್ತಲ ಗಿಡ ಮದ್ದಲ್ಲ ಅಂತ ತೋರ್ಸಕ್ಕಾ? ನಮ್ಮತ್ತೆ ಕಾಲದಿಂದ ಕೊಡ್ತಾ ಬಂದಿವ್ನಿ ಕಣವ್ವ. ಹೋಗ್ ಹೋಗು!"

ಶೃತಿ ಮಾದಮ್ಮನ ಮನೆಗೆ ಹೋದಳು. ಮಾದಮ್ಮ ಹೆಸರು ಹೇಳದೆ, ಲೈನಿನವರಿಗೆ ಕಾಣದಂತೆ ಚೀಲದಲ್ಲಿ ಸೊಪ್ಪು ಕಟ್ಟಿ ಕೊಟ್ಟಳು. ಸುದ್ದಿ ಕೇಳಿ ಚಿನ್ನಮ್ಮ ನಲ್ಲಿ ಹತ್ತಿರವೇ ಕುದಿದಳು.

"ಅವಳ ಸೊಪ್ಪು ಹಾಸನಕ್ಕೆ ಹೋಗ್ಬುಡ್ತು! ನಂದೇನು ಕಸವಾ?"

"ಕೊಡಲ್ಲ ಅಂದೋಳು ನೀನೇ ಅಲ್ವೇನೇ?" ಎಂದರೆ ನನ್ನ ಮೇಲೇ ಹರಿಹಾಯ್ದಳು.

ಅವಳ ಗಂಡ ಗಿಡ್ಡಯ್ಯನಿಗೂ ಸೊಂಟದಲ್ಲಿ ಹುಳುಕಡ್ಡಿ ಇತ್ತು. ತನ್ನ ಮದ್ದೇ ಮೇಲೆಂದು ತೋರಿಸಬೇಕಲ್ಲ! ಪೇಟೆಯಿಂದ ಒಂದು ಮುಲಾಮಿನ ಟ್ಯೂಬ್ ತರಿಸಿ, ಗುಟ್ಟಾಗಿ ಸೊಪ್ಪಿನ ರಸಕ್ಕೆ ಕಲೆಸಿ ಹಚ್ಚಿದಳು. ಕೆರೆತ ಮಾಯ! ಲೈನೆಲ್ಲ ಸಾರಿದಳು. ಹಚ್ಚುವುದು ನಿಲ್ಲಿಸಿದ್ದೇ ತಡ, ಹುಳುಕಡ್ಡಿ ತಿರುಗಿ ಬಂದು ಹೊಟ್ಟೆ, ಬೆನ್ನು, ಕತ್ತಿಗೂ ಏರಿತು. ಪಾಪ, ಗಿಡ್ಡಯ್ಯ ಕೆಲಸಕ್ಕೂ ಹೋಗಲಾರದೆ ಮೂಲೆ ಹಿಡಿದ.

ನೋಡಲು ಶೃತಿ ಬಂದಳು, ಹಿಂದೆಯೇ ಮಾದಮ್ಮ.

"ಏನ್ ಹಚ್ಚಿದ್ರಿ ಚಿನ್ನಮ್ಮಕ್ಕ?"

"ಬರೀ ಸೊಪ್ಪು."

ಗಿಡ್ಡಯ್ಯ ಕೆರೆಯುತ್ತಲೇ ಹೇಳಿದ, "ಒಲೆ ಹಿಂದೆ ಖಾಲಿ ಟ್ಯೂಬ್ ಬಿದ್ದೈತಲ್ಲೇ, ಅದೂ ಹಿತ್ತಲಲ್ಲೇ ಬೆಳೀತದಾ?"

ಶೃತಿ ಟ್ಯೂಬಿನ ಮೇಲಿದ್ದದ್ದನ್ನು ಓದಿದಳು. "ಇದ್ರಲ್ಲಿ ಸ್ಟೀರಾಯ್ಡ್ ಐತೆ. ಕೆರೆತ ಅಡಗಿಸ್ತದೆ, ಒಳಗೊಳಗೇ ಬೂಷ್ಟನ್ನ ಕೊಬ್ಬಿಸ್ತದೆ. ಟ್ಯೂಬ್ ಸಮೇತ ಸಕಲೇಶಪುರದಲ್ಲಿ ಡಾಕ್ಟ್ರಿಗೆ ತೋರ್ಸಿ."

"ಅಯ್ಯೋ, ಇವಳನ್ನ ಸೋಲ್ಸಕ್ಕೆ ಹೋಗಿ ಗಂಡನ ಮೈ ಹಾಳ್ಮಾಡ್ಬುಟ್ನಲ್ಲ!" ಎಂದು ಚಿನ್ನಮ್ಮ ಅತ್ತೇಬಿಟ್ಟಳು. ಆಮೇಲೆ ಹಿತ್ತಲಿಗೆ ಹೋಗಿ ಮುಷ್ಟಿ ಬಿಗಿ ಹಿಡಿದು ಬಂದಳು.

"ತಗೋ ಶೃತಿ, ನಂದೂ ಪರೀಕ್ಷೆ ಮಾಡು. ಮಾದಮ್ಮ, ನೀನ್ ಆ ಕಡೆ ತಿರ್ಗು."

ಮಾದಮ್ಮ ಗೋಡೆಗೆ ಮುಖ ಮಾಡಿದಳು. ಚಿನ್ನಮ್ಮ ಮುಷ್ಟಿ ಬಿಚ್ಚಿದಳು.

"ತಗಚೆ ಸೊಪ್ಪಲ್ವಾ ಇದು?" ಎಂದಳು ಶೃತಿ.

ಮಾದಮ್ಮ ಗಕ್ಕನೆ ತಿರುಗಿದಳು. "ಅಯ್ಯೋ ಇವಳ! ನಂದೂ ತಗಚೆನೇ ಕಣೇ!"

ಲೈನಿನ ಚರಂಡಿ ಪಕ್ಕ ಯಾರೂ ಕೇಳದೆ ಬೆಳೆಯುವ ತಗಚೆ! ಅದಕ್ಕೋಸ್ಕರ ಇಬ್ಬರೂ ಇಷ್ಟು ವರ್ಷ ಮುಖ ಮುರಿದುಕೊಂಡು ಓಡಾಡಿದ್ದರು.

"ಹಂಗಾರೆ ಇವಳ ಸೊಪ್ಪಿಗೆ ತಟ್ಟೇಲಿ ಬೂಷ್ಟು ಬೆಳೆಯೋದು ನಿಂತದಾ?" ಚಿನ್ನಮ್ಮ ಕಣ್ಣೊರೆಸಿಕೊಂಡು ಕೇಳಿದಳು.

"ಸ್ವಲ್ಪ ನಿಂತದೆ. ಆದ್ರೆ ತಟ್ಟೆ ಬೇರೆ, ಮೈ ಬೇರೆ. ಚರ್ಮ ಸುಡ್ತದಾ, ಎಷ್ಟು ಹಚ್ಬೇಕು, ಎಲ್ಲಾ ಇನ್ನೂ ನೋಡ್ಬೇಕು. ಅಲ್ಲೀವರ್ಗೂ ಇದನ್ನ ಮದ್ದು ಅನ್ನಂಗಿಲ್ಲ."

ಡಾಕ್ಟರು ಸರಿಯಾದ ಮುಲಾಮು, ಮಾತ್ರೆ ಕೊಟ್ಟು, ಕೆರೆತ ನಿಂತರೂ ತಾವು ಹೇಳುವವರೆಗೆ ಬಿಡಬಾರದೆಂದರು. ಚಿನ್ನಮ್ಮ ಗಂಡನ ಬಟ್ಟೆ, ಟವೆಲು ಬೇರೆಯಾಗಿ ಬಿಸಿನೀರಲ್ಲಿ ಒಗೆದು ಚೆನ್ನಾಗಿ ಒಣಗಿಸಿದಳು. ಗಿಡ್ಡಯ್ಯ ಈಗ ಕೆಲಸಕ್ಕೆ ಹೋಗುತ್ತಿದ್ದಾನೆ.

ಹೊಟ್ಟೆಕಿಚ್ಚು ಹೋಯಿತೇ ಎಂದಿರಾ? ಎಲ್ಲಿ ಹೋದೀತು! ಮದ್ದು ಕೇಳಿ ಬಂದವರನ್ನು ಈಗ ಇಬ್ಬರೂ ಆಸ್ಪತ್ರೆಗೆ ಅಟ್ಟುತ್ತಾರೆ, ಯಾರು ಹೆಚ್ಚು ಜನರನ್ನು ಕಳಿಸಿದರೆಂದು ನಲ್ಲಿ ಹತ್ತಿರ ಜಗಳ ಆಡುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ಕೆರೆತ ಮುಚ್ಚಿಡಬೇಡಿ. ಯಾರೋ ಹೇಳಿದ ಟ್ಯೂಬಾಗಲಿ, ಪರೀಕ್ಷೆಯಾಗದ ಸೊಪ್ಪಾಗಲಿ ಮೈಗೆ ಹಚ್ಚಬೇಡಿ, ಡಾಕ್ಟರಿಗೆ ತೋರಿಸಿ. ನಿಮ್ಮಲ್ಲೂ ಗುಟ್ಟಿನ ಎಲೆಯಿದ್ದರೆ ಪರೀಕ್ಷೆ ಮಾಡುವವರ ಮುಂದೆ ಮುಷ್ಟಿ ಬಿಚ್ಚಿ. ಪಕ್ಕದ ಮನೆಯವರ ಕೈಯಲ್ಲೂ ಅದೇ ಎಲೆ ಇದ್ದೀತು.