ಕಿರುಬೆರಳಿನ ತಪ್ಪು

ಔಷಧಿ ಅಂಗಡಿಯವನಿಗೆ ಊದ್ ಎಂಬ ತಂತಿವಾದ್ಯ ಯಾಕೆ ಬೇಕಿತ್ತೋ, ಉಸ್ತಾದ್ ಬಕ್ರಿಗೆ ನಾಲ್ಕು ವರ್ಷವಾದರೂ ಅರ್ಥವಾಗಿರಲಿಲ್ಲ. ನಸೂಹ್ ಪ್ರತಿ ಬುಧವಾರ ಪಾಠಕ್ಕೆ ಬರುತ್ತಿದ್ದ, ವಾದ್ಯವನ್ನು ಮಡಿಲಲ್ಲಿಟ್ಟುಕೊಳ್ಳುತ್ತಿದ್ದ, ಒಂದು ಮಕಾಮಿನಿಂದ ಇನ್ನೊಂದಕ್ಕೆ, ರಾಗದಿಂದ ರಾಗಕ್ಕೆ, ಗುಳಿಗೆ ಎಣಿಸಿದ ಹಾಗೆ ದಾಟುತ್ತಿದ್ದ. ರಾಸ್ತ್‌ನಿಂದ ಸಬಾಕ್ಕೆ ಹೋಗಬೇಕೆ? ಮೊದಲು ಬಯಾತಿಯಲ್ಲಿ ಇಳಿಯಬೇಕು, ಅಲ್ಲಿ ಒಂದಿಷ್ಟು ಕೂರಬೇಕು, ಆಮೇಲಷ್ಟೇ ಸಬಾದ ಅಳು. ಬಕ್ರಿ ಹೇಳಿಕೊಟ್ಟದ್ದೇ ಹಾಗೆ. ತಪ್ಪಿಲ್ಲ, ಜೀವವೂ ಇಲ್ಲ. "ತಲೆನೋವಿನ ಗುಳಿಗೆ ಮಾರ್ಕೊಂಡಿರಪ್ಪ. ನಿನ್ನ ಕೈಲಿ ಸಬಾ ಅಳಲ್ಲ, ಸೀನತ್ತೆ" ಎಂದು ಮೂಗು ಮುರಿದರೂ ಆ ಪೆದ್ದ "ಸರಿ ಉಸ್ತಾದ್" ಎನ್ನುತ್ತಿದ್ದ.

ಈಗ ನೋಡಿದರೆ ಬಕ್ರಿಯ ಜಾಗಕ್ಕೇ ಸಂಚಕಾರ. ಎಪ್ಪತ್ತೊಂದಾಗಿತ್ತು, ಎಡಗೈ ಬೆರಳು ಮರಗಟ್ಟಿತ್ತು. ಸಾಬೂನು ವ್ಯಾಪಾರಿ ಅಬು ಹಿಕ್ಮತ್‌ನ ಮನೆಯಲ್ಲಿ ಅಲೆಪ್ಪೊ ಊರಿನ ಸಂಗೀತ ಕೇಳುಗರು ಶುಕ್ರವಾರ ಮಧ್ಯಾಹ್ನ ಸೇರುತ್ತಿದ್ದರು. ಅಲ್ಲಿ ಗಾಯಕನ ಪಕ್ಕದ ದಿಂಬು ಮೂವತ್ತು ವರ್ಷದಿಂದ ಬಕ್ರಿಯದು. ಈ ಶುಕ್ರವಾರ ನಸೂಹ್ ನುಡಿಸಲಿ, ಹಿಡಿಸಿದರೆ ಅವನೇ ಕೂರಲಿ, ನೀವು ವಿಶ್ರಾಂತಿ ತಗೊಳ್ಳಿ ಎಂದ ಅಬು ಹಿಕ್ಮತ್. ವಿಶ್ರಾಂತಿಯಂತೆ! ಹನ್ನೊಂದು ಡೊಳ್ಳುಹೊಟ್ಟೆಗಳು, ಬಕ್ರಿ ಮೆಚ್ಚಿ "ಆಹ್" ಎನ್ನುವ ತನಕ ಒಬ್ಬನಿಗೂ ಉಸಿರೆತ್ತುವ ಧೈರ್ಯವಿಲ್ಲ. ತಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ದಿಂಬು ಉಳಿಯುತ್ತದೆ.

ಶುಕ್ರವಾರ ನಸೂಹ್ ರಾಸ್ತ್ ಹಿಡಿದ. ಬಕ್ರಿ ಬೇಕೆಂದೇ ಆಕಳಿಸಿದ. ಅಷ್ಟರಲ್ಲಿ ಪಂಚಮ ಮುಟ್ಟಬೇಕಿದ್ದ ನಸೂಹ್‌ನ ಕಿರುಬೆರಳು ಎಟುಕದೆ ಹಿಂದೆಯೇ ಬಿತ್ತು. ಶುದ್ಧ ಅಪಸ್ವರ. ಆದರೆ ನಸೂಹ್ ತಿದ್ದಿಕೊಳ್ಳಲಿಲ್ಲ. ಆ ಅಪಸ್ವರದಿಂದಲೇ ಕೆಳಗಿಳಿದು, ಬಯಾತಿಯ ಹೊಸಿಲು ತುಳಿಯದೆ, ನೇರ ಸಬಾದೊಳಗೆ ಬಿದ್ದ. ಅಂಥ ದಾರಿಯನ್ನು ಬಕ್ರಿ ಜನ್ಮದಲ್ಲೇ ಕೇಳಿರಲಿಲ್ಲ. ಎದೆಯಿಂದ "ಆಹ್" ಹೊರಟೇಬಿಟ್ಟಿತು. ಹನ್ನೊಂದು ಬಾಯಿ ತೆರೆದವು.

"ಥೂ, ಕಫ" ಎಂದ ಬಕ್ರಿ, ಎದೆ ಉಜ್ಜಿಕೊಳ್ಳುತ್ತ. "ಬೆರಳು ಜಾರ್ತು, ಅದನ್ನೇ ಎಳ್ಕೊಂಡು ಹೋದ. ಬಯಾತಿ ಎಲ್ಲಪ್ಪ, ನುಂಗಿಬಿಟ್ಯಾ?"

ಹನ್ನೊಂದು ಬಾಯಿಯೂ ಮುಚ್ಚಿದವು. ಮೆಚ್ಚಿ ಕೈಯೆತ್ತಿದ್ದವನೊಬ್ಬ ಕಿವಿ ಕೆರೆದುಕೊಂಡ. ಕುರಿಗಳು. ಮುಂದಿನ ವರ್ಷ ನೋಡೋಣ ಎಂದ ಅಬು ಹಿಕ್ಮತ್.

ಗೆದ್ದೂ ಬಕ್ರಿಗೆ ಅನ್ನ ರುಚಿಸಲಿಲ್ಲ. ಮನೆಯ ಬಾಗಿಲು ಹಾಕಿಕೊಂಡು ಆ ದಾರಿ ಹುಡುಕಿದ. ಬೆರಳನ್ನು ಅಲ್ಲಿಯೇ ಇಟ್ಟ, ಹಾಗೆಯೇ ಇಳಿದ. ಬಂದದ್ದು ಬರೀ ಅಪಸ್ವರ. ಹಿಂದಿನ ಸ್ವರವನ್ನು ನಸೂಹ್ ಎಷ್ಟು ಹೊತ್ತು ನಿಲ್ಲಿಸಿದ್ದ? ಮೀಟು ಮೇಲಿನಿಂದಲೋ ಕೆಳಗಿನಿಂದಲೋ? ಆಕಳಿಸುತ್ತ ಕೂತವನಿಗೆ ಹೇಗೆ ಗೊತ್ತಾಗಬೇಕು? ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಬುಧವಾರ ಬರುವುದನ್ನೇ ಕಾದ.

"ಶುಕ್ರವಾರ ತಪ್ಪು ಮಾಡಿದ್ಯಲ್ಲ, ಅದನ್ನ ಇನ್ನೊಂದ್ಸಲ ನುಡಿಸು" ಎಂದ, ಮುಖ ನೋಡದೆ.

ನಸೂಹ್ ರಾಸ್ತ್ ನುಡಿಸಿದ, ಬಯಾತಿಗೆ ಇಳಿದ, ಒಂದಿಷ್ಟು ಕೂತ, ಸಬಾಕ್ಕೆ ಹೋದ.

"ಇದಲ್ವೋ. ಆ ತಪ್ಪು."

"ಅದಿನ್ನು ಕೈಗೆ ಬರೋದೇ ಇಲ್ಲ ಉಸ್ತಾದ್." ನಸೂಹ್‌ನ ಮುಖ ಅರಳಿತ್ತು. "ನೀವು ಬೈದಿದ್ದು ಮನಸ್ಸಿಗೆ ನಾಟ್ತು. ನಾಲ್ಕು ದಿನ ಅಂಗಡಿ ಮುಚ್ಚಿ ಕೂತು, ಬೆರಳಿಗೆ ಅದನ್ನ ಪೂರ್ತಿ ಮರೆಸಿಬಿಟ್ಟೆ."