ಎದುರು ಹುರಿ

ಈಗ ನಾನು ಶೆಡ್ಡಿಗೆ ಹೋಗುವುದು ಕಡಿಮೆ. ನಾರಿನ ದೂಳು ಕಣ್ಣಿಗೆ ಆಗುವುದಿಲ್ಲ. ಆದರೂ ಬೆಳಿಗ್ಗೆ ಗಾಳಿ ಈ ಕಡೆಗೆ ಬೀಸಿದರೆ ನೆನೆದ ಕಾಯಿಮಟ್ಟೆಯ ವಾಸನೆ ಜಗುಲಿಯವರೆಗೂ ಬರುತ್ತದೆ. ಬಂದ ಕೂಡಲೇ ನನ್ನ ಎರಡೂ ಅಂಗೈ ತಾವಾಗಿಯೇ ಉಜ್ಜಿಕೊಳ್ಳತೊಡಗುತ್ತವೆ. ಅಷ್ಟು ವರ್ಷ ನಾರು ಹೊಸೆದ ಕೈ, ಹೇಳಿದರೆ ಕೇಳುವುದಿಲ್ಲ.

ನಮ್ಮದು ಕಿಬ್ಬನಹಳ್ಳಿ ಹತ್ತಿರದ ಹೆಂಗಸರ ನಾರುಹಗ್ಗದ ಸಂಘ. ಹಗ್ಗದ ಜೊತೆಗೆ ನಾರಿನ ಕಾಲೊರಸನ್ನೂ ಮಾಡುತ್ತಿದ್ದೆವು. ಕೊಲ್ಲಾಪುರಮ್ಮ ಅಧ್ಯಕ್ಷೆಯಾಗಿದ್ದ ಕಾಲದಲ್ಲಿ ರಾಟೆಯನ್ನು ಕೈಯಲ್ಲೇ ತಿರುಗಿಸುತ್ತಿದ್ದೆವು. ರಾಟೆಯ ಕಿರುಗುಟ್ಟುವ ಸದ್ದಿಗಿಂತ ನಮ್ಮ ಮಾತಿನ ಸದ್ದೇ ಜಾಸ್ತಿ. ಯಾರ ಮನೆ ಎಮ್ಮೆ ಕರು ಹಾಕಿತು, ಯಾರ ಮಗಳನ್ನು ನೋಡಲು ತುರುವೇಕೆರೆಯಿಂದ ಗಂಡಿನವರು ಬಂದರು, ಎಲ್ಲ ಅಲ್ಲೇ. ಕೆಲಸದ ತಪ್ಪುಗಳೂ ಆ ಮಾತಿನೊಳಗೇ ತೇಲಿಕೊಂಡು ಬರುತ್ತಿದ್ದವು. ಬೈದವಳಿಗೂ ಬೈಸಿಕೊಂಡವಳಿಗೂ ಅದು ಮನಸ್ಸಿನಲ್ಲಿ ಉಳಿಯುತ್ತಿರಲಿಲ್ಲ.

ಕೊಲ್ಲಾಪುರಮ್ಮನ ಮಂಡಿ ಕೈಕೊಟ್ಟ ಮೇಲೆ ಆ ಜಾಗಕ್ಕೆ ಕೃತಿಕಾ ಬಂದಳು. ಬಿ.ಕಾಂ. ಓದಿದ ಹುಡುಗಿ. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿದ್ದ ಕೆಲಸ ಬಿಟ್ಟು, ಸಂಘ ಬೆಳೆಸುತ್ತೇನೆಂದು ಬಂದವಳು. ತುಮಕೂರಿನಲ್ಲಿ ನಾಯಕತ್ವದ ತರಬೇತಿಯನ್ನೂ ಮುಗಿಸಿಕೊಂಡಿದ್ದಳು. ಬಂದವಳೇ ಎರಡು ರಾಟೆಗೂ ಮೋಟಾರು ಹಾಕಿಸಿದಳು. ನಮ್ಮನ್ನು ಎರಡು ತಂಡ ಮಾಡಿದಳು. ತಿಪಟೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದವರ ತಂಡಕ್ಕೆ ವಜೀರಾ, ನಮ್ಮೂರವರ ತಂಡಕ್ಕೆ ಅಂಕಮ್ಮ ಮುಖ್ಯಸ್ಥೆಯರು. ಗೋಡೆಗೆ ಒಂದು ಬೋರ್ಡು. ವಾರದಲ್ಲಿ ಯಾರು ಹೆಚ್ಚು ಹೊಸೆದರೋ ಅವರ ಹೆಸರಿನ ಮುಂದೆ ಕೆಂಪು ನಕ್ಷತ್ರ.

ಸುಳ್ಳು ಯಾಕೆ ಹೇಳಲಿ, ಮೊದಲು ನಮಗೂ ಹುರುಪು ಬಂತು. ವಜೀರಾ ಊಟದ ಡಬ್ಬಿಯನ್ನೂ ನಿಂತುಕೊಂಡೇ ಮುಗಿಸುತ್ತಿದ್ದಳು. ಕೆಲಸ ಏರಿತು. ಆದರೆ ಮಾತು ನಿಂತುಹೋಯಿತು. ಶೆಡ್ಡಿನ ಮಧ್ಯೆ ಗೋಡೆ ಇರಲಿಲ್ಲ, ಅಷ್ಟೇ.

ಆ ವೇಳೆಗೆ ತಿಪಟೂರಿನ ಒಂದು ಕಾಲೇಜಿನವರು ಕ್ರೀಡಾಕೂಟಕ್ಕೆ ಹಗ್ಗಜಗ್ಗಾಟದ ದಪ್ಪ ಹಗ್ಗ ಕೇಳಿದರು. ಅಷ್ಟು ದಪ್ಪದ ಹಗ್ಗವನ್ನು ಸಂಘ ಎಂದೂ ಮಾಡಿರಲಿಲ್ಲ. ಇದೊಂದು ಚೆನ್ನಾಗಿ ಬಂದರೆ ಬೇರೆ ಕಾಲೇಜಿನವರೂ ಬರುತ್ತಾರೆಂದು ಕೃತಿಕಾ ಕುಣಿದಾಡಿದಳು. ಮೂರು ಎಳೆ ಸೇರಿದರೆ ಹಗ್ಗ. ಎರಡು ಎಳೆ ವಜೀರಾಳ ತಂಡದ್ದು, ಒಂದು ಎಳೆ ಅಂಕಮ್ಮನ ತಂಡದ್ದು ಎಂದು ಹಂಚಿದಳು.

ಶುಕ್ರವಾರ ಮಧ್ಯಾಹ್ನ ಮೂರನ್ನೂ ಸೇರಿಸಿ ಹಗ್ಗ ಮಾಡಿ, ತೆಂಗಿನ ಮರಕ್ಕೆ ಒಂದು ತುದಿ ಕಟ್ಟಿ ಎಲ್ಲರೂ ಎಳೆದೆವು. ಎಳೆದಂತೆಲ್ಲ ಒಂದು ಎಳೆ ಬಿಚ್ಚಿಕೊಂಡು, ಕೋಳಿಯ ಕರುಳಿನ ಹಾಗೆ ಹೊರಗೆ ಉಬ್ಬಿ ಬಂತು. ಮೂರು ಎಳೆಯೂ ಒಂದೇ ಕಡೆಗೆ ಹುರಿಗೊಂಡಿದ್ದರೆ ಮಾತ್ರ ಒಂದನ್ನೊಂದು ಕಚ್ಚಿ ಕೂರುತ್ತವೆ. ಅಂಕಮ್ಮನ ಎಳೆ ಎದುರು ಹುರಿಯಾಗಿತ್ತು.

ಹೋಗಿ ನೋಡಿದರೆ ಮೋಟಾರಿನಿಂದ ಅವಳ ರಾಟೆಗೆ ಹಾಕಿದ ಬೆಲ್ಟು ಇಂಗ್ಲಿಷಿನ ಎಂಟರ ಅಂಕಿಯ ಹಾಗೆ ಅಡ್ಡ ಬಿದ್ದಿತ್ತು.

"ಜಾರ್ತಿತ್ತು ಕಣ್ರೀ, ಅಡ್ಡ ಹಾಕುದ್ರೆ ಬಿಗಿ ನಿಂತ್ಕಂತು" ಎಂದಳು ಅಂಕಮ್ಮ. "ರಾಟೆ ಹಿಂದ್ಮುಂದಾಗಿ ತಿರುಗ್ತೈತೆ ಅನ್ನೋದು ನಮಗೆಲ್ಲಿ ಹೊಳೀಬೇಕು? ಈ ವಜೀರಾ ಸೋಮವಾರದಿಂದ ನೋಡ್ತಾವ್ಳೆ. ಬಾಯಿ ಬುಟ್ಟಿದ್ರೆ ಮುತ್ತು ಉದುರ್ತಿತ್ತಾ?"

"ನೋಡ್ದೆ" ಎಂದಳು ವಜೀರಾ. "ಏನೀಗ? ಮೊನ್ನೆ ನನ್ನ ರಾಟೆ ಮೊಳೆ ಸಡ್ಲ ಆದಾಗ ನೀನು ಹೇಳುದ್ಯಾ? ಹಲ್ಲು ಕಿರೀತಾ ಕೂತಿದ್ದೆ. ಸ್ಟಾರ್ ಬೇಕಲ್ಲ ಸ್ಟಾರು! ತಗಾ, ಕಿತ್ಕೊಂಡು ಮೂಗಿಗೆ ಅಂಟಿಸ್ಕಾ."

"ವಜೀರಕ್ಕ, ಪ್ಲೀಸ್..." ಎಂದು ಕೃತಿಕಾ ಅಡ್ಡ ಬಂದಳು.

"ಬುಡು ಮೇಡಮ್ಮ. ಹೈವೇಲಿ ಮ್ಯಾಟ್ ಫ್ಯಾಕ್ಟರಿಯೋರು ಕರೀತಾನೇ ಅವ್ರೆ. ಸೋಮವಾರದಿಂದ ಅಲ್ಲಿಗೆ ಹೋಯ್ತೀನಿ. ನನ್ ಜೊತೆ ಬಸ್ಸಲ್ಲಿ ಬರೋರೂ ಅಲ್ಲಿಗೇ."

ಅವಳು ಡಬ್ಬಿಯ ಚೀಲ ಎತ್ತಿಕೊಂಡಳು. ತಿಪಟೂರಿನವರು ಹೋದರೆ ಒಂದು ರಾಟೆ ನಿಂತ ಹಾಗೆಯೇ. ಒಂದು ರಾಟೆ ನಿಂತರೆ ಸಂಘ ಎಷ್ಟು ದಿನ ನಿಲ್ಲುತ್ತದೆ? ಅದು ಎಲ್ಲರಿಗೂ ಗೊತ್ತಿತ್ತು. ಕೃತಿಕಾ ಒಂದು ಸಲ ಬೋರ್ಡು ನೋಡಿದಳು, ಒಂದು ಸಲ ಬಿಚ್ಚಿದ ಹಗ್ಗ ನೋಡಿದಳು. ಆಮೇಲೆ ಇಸ್ತ್ರಿ ಮಾಡಿದ ಚೂಡಿದಾರದಲ್ಲೇ ಮಟ್ಟೆಯ ರಾಶಿಯ ಮೇಲೆ ಕುಕ್ಕರಿಸಿಬಿಟ್ಟಳು.

"ನಂಗೆ ಗೊತ್ತಾಗ್ತಿಲ್ಲ. ನಾಳೆ ಹಗ್ಗ ಕೊಡ್ಬೇಕು. ಏನ್ಮಾಡಾನ?"

ಅಷ್ಟು ದಿನ ಆ ಹುಡುಗಿಯ ಬಾಯಲ್ಲಿ 'ಮಾಡಿ', 'ಮುಗಿಸಿ' ಎಂಬುದನ್ನೇ ಕೇಳಿದ್ದೆವು. 'ಮಾಡಾನ' ಎಂದದ್ದು ಇದೇ ಮೊದಲು. ನನಗೆ ಹಿಂದೆ ಅಕ್ಷರ ಕಲಿಸಿದ ರಾತ್ರಿ ಶಾಲೆಯ ಮೇಷ್ಟ್ರು ನೆನಪಾದರು. ಒಮ್ಮೆ ಅವರು, ಕೆಲಸ ಮಾಡಿಸುವಾಗ ಏನನ್ನುತ್ತೀರಿ, ಹೇಳಿ ಎಂದಿದ್ದರು. 'ಮಾಡು', 'ಮಾಡಿರಿ' ಎಂದು ಬರುತ್ತದೆಂದು ಬಳಪ ಹಿಡಿದು ಕಾದಿದ್ದರು. ನಾವು ಹೆಂಗಸರೆಲ್ಲ ಒಂದೇ ಬಾಯಿಗೆ 'ಮಾಡಾನ' ಎಂದುಬಿಟ್ಟಿದ್ದೆವು. ಮೇಷ್ಟ್ರು ನಕ್ಕು, ಪುಸ್ತಕದಲ್ಲಿ 'ಮಾಡೋಣ' ಎಂದು ಬರೆಯಿರಿ ಎಂದರು. ಹೇಗೆ ಬರೆದರೇನು, ಆ ಮಾತಿನಲ್ಲಿ ಹೇಳುವವಳೂ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿರುತ್ತಾಳೆ. ಕೊಲ್ಲಾಪುರಮ್ಮ ಮಾತಾಡುತ್ತಿದ್ದುದೇ ಹಾಗೆ.

ಅಂಕಮ್ಮ, "ಬೆಲ್ಟು ನೆಟ್ಟಗೆ ಹಾಕಿ ಇನ್ನೊಂದ್ ಎಳೆ ಹೊಸೀತೀವಿ. ಸಂಜೆಯೊಳಗೆ ನಮ್ಮ ಕೈಲಾಗದು, ಆದ್ರೂ" ಎಂದಳು.

"ಜಾರೋ ಬೆಲ್ಟಲ್ಲಿ ಹೊಸೀತಾಳಂತೆ" ಎಂದಿತು ಬಾಗಿಲ ಕಡೆಯಿಂದ ಒಂದು ದನಿ. ವಜೀರಾ ಇನ್ನೂ ಹೋಗಿರಲಿಲ್ಲ. "ಎಲ್ರೂ ನನ್ ರಾಟೆಗೆ ಬನ್ರಿ. ಅರ್ಧ ಜನ ನಾರು ಬಿಡಿಸ್ಕೊಡಿ, ಅರ್ಧ ಜನ ಹೊಸೀಲಿ. ಇದೊಂದ್ ಎಳೆ ಮುಗಿಸ್ಕೊಟ್ಟು ನಾನು ಹೋಯ್ತೀನಿ."

"ಆ ಎದುರು ಹುರೀನ ಒಲೆಗೆ ಹಾಕಾದಾ?" ಎಂದು ನಾನು ಕೇಳಿದೆ.

ಕೃತಿಕಾ ತಲೆ ಎತ್ತಿದಳು. "ಅಜ್ಜಿ, ನಮ್ ಕಾಲೊರಸು ಯಾವಾಗ್ಲೂ ಅಂಚಲ್ಲಿ ಸುರುಳಿ ಸುತ್ಕೊಳ್ಳುತ್ತಲ್ಲ? ಈ ಹುರಿ ಒಂದು, ಆ ಹುರಿ ಒಂದು ಜೋಡಿಸಿ ಅಂಚು ಕಟ್ಟಿದ್ರೆ? ಒಂದು ಈ ಕಡೆ ಎಳೆದ್ರೆ ಇನ್ನೊಂದು ಆ ಕಡೆ ಎಳೀತದೆ. ಚಪ್ಪಟೆ ಕೂರಲ್ವಾ?"

ವಜೀರಾ ಎರಡು ತುಂಡು ಜೋಡಿಸಿ, ನೆಲದ ಮೇಲಿಟ್ಟು, ಅಂಗೈಯಿಂದ ತಟ್ಟಿ ನೋಡಿದಳು. ಅದು ಮಲಗಿದ ಮಗುವಿನ ಹಾಗೆ ಸುಮ್ಮನೆ ಬಿದ್ದಿತ್ತು.

"ಅರೆ! ಹುಡ್ಗಿ ತಲೇಲಿ ಬರೀ ನಾರಿಲ್ಲ ಕಣ್ರೀ, ಎಳ್ನೀರೂ ಐತೆ."

ಆವತ್ತಿನ ಮಧ್ಯಾಹ್ನವನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ. ಒಂದೇ ರಾಟೆಯ ಸುತ್ತ ಅಷ್ಟೂ ಜನ. ಅಂಕಮ್ಮ ಬಿಡಿಸಿದ ನಾರನ್ನು ವಜೀರಾಳೇ ಕೈಗೆ ತೆಗೆದುಕೊಂಡಳು. ಕೃತಿಕಾಳ ಅಂಗೈಯಲ್ಲಿ ಬೊಬ್ಬೆ ಎದ್ದು, ನಾನು ಕೊಬ್ಬರಿ ಎಣ್ಣೆ ಹಚ್ಚಿದೆ. ಯಾರೋ ಎಮ್ಮೆಯ ಸುದ್ದಿ ತೆಗೆದರು. ಬೆಳಕಿದ್ದಾಗಲೇ ಹಗ್ಗ ಸಿದ್ಧವಾಯಿತು. ಮರಕ್ಕೆ ಕಟ್ಟಿ ಎಳೆದರೆ ಮರದಿಂದ ಒಣಗರಿ ಬಿತ್ತೇ ಹೊರತು ಹಗ್ಗ ಜಗ್ಗಲಿಲ್ಲ. ವಜೀರಾ ಡಬ್ಬಿ ಎತ್ತಿಕೊಂಡು ಬಸ್ಸು ಹತ್ತಿದಳು.

ಸೋಮವಾರ ತಿಪಟೂರಿನ ಬಸ್ಸಿನಲ್ಲಿ ಅವಳಾಗಲಿ ಅವಳ ಜೊತೆಯವರಾಗಲಿ ಇಳಿಯಲಿಲ್ಲ. ಕೃತಿಕಾ ರಸ್ತೆ ನೋಡುತ್ತಲೇ ಇದ್ದಳು. ಬೋರ್ಡನ್ನು ಅವಳು ಯಾವಾಗ ಇಳಿಸಿದ್ದಳೋ ಕಾಣೆ, ಗೋಡೆ ಬರಿದಾಗಿತ್ತು. ನಾವು ರಾಟೆ ಹಾಕಿದೆವು, ಕೈ ಓಡಲಿಲ್ಲ. ಬಿಸಿಲು ಏರಿದ ಮೇಲೆ ಇನ್ನೊಂದು ಬಸ್ಸು ಬಂತು. ಮುಂದೆ ವಜೀರಾ, ಹಿಂದೆ ಉಳಿದವರು.

"ಫ್ಯಾಕ್ಟರಿ ನೋಡ್ಕೊಂಡು ಬಂದೊ" ಎಂದಳು ಚಪ್ಪಲಿ ಬಿಡುತ್ತಾ. "ಅಲ್ಲಿ ಮಾತಾಡಂಗಿಲ್ವಂತೆ. ಬಾಯಿಗೆ ಬಟ್ಟೆ ಬೇರೆ ಕಟ್ಕಬೇಕಂತೆ. ಯಾ ಅಲ್ಲಾ! ಸಂಜೆ ಹೊತ್ತಿಗೆ ನನ್ ಹೊಟ್ಟೆ ಒಡ್ದೋಯ್ತದೆ."

ಕೃತಿಕಾ ನಗಲು ಹೋಗಿ ಅತ್ತುಬಿಟ್ಟಳು. ಮುಖ ಒರೆಸಿಕೊಂಡು, "ಯಾವ ರಾಟೆಗೆ ಕೂರ್ತೀರಾ ಅಕ್ಕ?" ಎಂದು ಕೇಳಿದಳು.

ವಜೀರಾ ಅಂಕಮ್ಮನ ಮಣೆಯ ಹತ್ತಿರ ಹೋಗಿ ನಿಂತಳು. ಅಂಕಮ್ಮ ಸೆರಗಿನಿಂದ ಮಣೆಯ ನಾರು ಜಾಡಿಸಿ, ಒಂದು ಪಕ್ಕಕ್ಕೆ ಸರಿದಳು.

"ಇಷ್ಟೇನಾ ಜಾಗ?" ಎಂದಳು ವಜೀರಾ, ಸೊಂಟದ ಮೇಲೆ ಕೈಯಿಟ್ಟು. "ನಾನೇನು ಕೊಬ್ಬರಿ ಹೋಳಾ? ಇನ್ನೊಂದ್ ವಸಿ ಸರ್ಕೊಳ್ಳೇ."